ಆಳ ಸಮುದ್ರ: ನಾವು ನೋಡಿದ್ದು ಬೀದರ್ ಜಿಲ್ಲೆಯಷ್ಟೂ ಇಲ್ಲ

(ಕಲಬುರಗಿಯ ಒಂದು ಕಾಲೇಜಿನಲ್ಲಿ ಬಿಎಸ್ಸಿ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಬೀದರ್ ಜಿಲ್ಲೆಯ ವಿಸ್ತೀರ್ಣ 5,448 ಚದರ ಕಿಲೋಮೀಟರ್. ನಿಮ್ಮ ಕಲಬುರಗಿ ಜಿಲ್ಲೆಯ ಹೆಚ್ಚುಕಡಿಮೆ ಅರ್ಧ. ಔರಾದಿನಿಂದ ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ಹೋದವರಿಗೆ ಅದರ ಅಂದಾಜು ಇದ್ದೇ ಇರುತ್ತದೆ.

ಈಗ ಇನ್ನೊಂದು ಅಂಕಿ ಹೇಳುತ್ತೇನೆ. 2025ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 1958ರಿಂದ ಈಚೆಗೆ ಆಳ ಸಮುದ್ರಕ್ಕೆ ಇಳಿದ ಸುಮಾರು 44,000 ಮುಳುಗುಗಳ ದಾಖಲೆ ಹುಡುಕಿ, ಮನುಷ್ಯ ತನ್ನ ಕಣ್ಣಿಂದಲೋ ಕ್ಯಾಮೆರಾದಿಂದಲೋ ಆ ತಳವನ್ನು ಎಷ್ಟು ನೋಡಿದ್ದಾನೆ ಅಂತ ಲೆಕ್ಕ ಹಾಕಿದರು. ಬಂದ ಉತ್ತರ, ಜಾಸ್ತಿ ಅಂದರೂ 3,823 ಚದರ ಕಿಲೋಮೀಟರ್. ಅಂದರೆ ಇಡೀ ಭೂಮಿಯ ಆಳ ಸಮುದ್ರದಲ್ಲಿ ನಾವು ನೋಡಿರುವುದು ಬೀದರ್ ಜಿಲ್ಲೆಯಷ್ಟೂ ಇಲ್ಲ. ಆಳ ಸಮುದ್ರ ಅಂದರೆ ಇಲ್ಲಿ 200 ಮೀಟರಿಗಿಂತ ಕೆಳಗಿನದು. ಭೂಮಿಯ ಮೇಲ್ಮೈಯ ಮೂರರಲ್ಲಿ ಎರಡು ಪಾಲು ಅದೇ. ಅದರಲ್ಲಿ 0.001 ಪರ್ಸೆಂಟ್ ಕೂಡ ನೋಡಿಲ್ಲ. ನೋಡಿದ್ದರಲ್ಲೂ ಹೆಚ್ಚಿನದನ್ನು ಅಮೆರಿಕ, ಜಪಾನ್, ನ್ಯೂಜಿಲೆಂಡ್, ಫ್ರಾನ್ಸ್, ಜರ್ಮನಿ ಈ ಐದು ದೇಶಗಳೇ ನೋಡಿವೆ. ಹಿಂದೂ ಮಹಾಸಾಗರದ ಪಾಲು ತೀರಾ ಕಡಿಮೆ.

ಸೋನಾರ್ ನಕ್ಷೆಗಳು, ಅಂದರೆ ಶಬ್ದದ ಪ್ರತಿಧ್ವನಿಯಿಂದ ಮಾಡಿದ ನಕ್ಷೆಗಳು, ಇವೆಯಲ್ಲ ಅಂತ ನೀವು ಕೇಳಬಹುದು. ಇವೆ. ಅವುಗಳಲ್ಲಿ ಗುಡ್ಡ ಕಾಣುತ್ತದೆ, ಕಣಿವೆ ಕಾಣುತ್ತದೆ. ಗುಡ್ಡದ ಮೇಲೆ ಯಾರಿದ್ದಾರೆ ಅನ್ನೋದು ಕಾಣುವುದಿಲ್ಲ.

ಕಲಬುರಗಿಗೂ ಸಮುದ್ರಕ್ಕೂ ಏನು ಸಂಬಂಧ ಅಂತ ಸಂಘಟಕರೊಬ್ಬರು ಬೆಳಿಗ್ಗೆ ಕೇಳಿದರು. ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಸಮುದ್ರ ಇಲ್ಲಿಂದ ಮುನ್ನೂರು ಕಿಲೋಮೀಟರಿಗಿಂತ ದೂರ, ನಿಜ. ಆದರೆ ನೀವೆಲ್ಲ ಕಾಲಿಟ್ಟು ಕೂತಿರುವ ಈ ಶಹಾಬಾದಿ ಫರಸಿ ಇದೆಯಲ್ಲ, ಅದು ಸಮುದ್ರದ ತಳವೇ. ಭೀಮಾ ತೀರದ ಸುಣ್ಣಕಲ್ಲು ಒಂದು ಕಾಲದ ಆಳವಿಲ್ಲದ ಸಮುದ್ರದಲ್ಲಿ ಪದರ ಪದರವಾಗಿ ಕೂತ ಕೆಸರು. ಅದರಲ್ಲಿ ಶಂಖ, ಚಿಪ್ಪು ಹುಡುಕಬೇಡಿ, ಸಿಗುವುದಿಲ್ಲ. ಚಿಪ್ಪು ಕಟ್ಟುವ ಪ್ರಾಣಿಗಳು ಭೂಮಿಗೆ ಬರುವ ಮೊದಲಿನ ಕಲ್ಲು ಅದು. ಸೇಡಂ, ವಾಡಿ ಕಡೆಯ ಸಿಮೆಂಟು ಕೂಡ ಅದರಿಂದಲೇ.

ನನ್ನ ಪರಿಚಯವನ್ನು ಅವರು ಸ್ವಲ್ಪ ದೊಡ್ಡದು ಮಾಡಿ ಹೇಳಿದರು. ನಾನು ಕೆಳಗೆ ಇಳಿದವನಲ್ಲ. ಯಾದಗಿರಿ ಜಿಲ್ಲೆಯವನು, ಮೇಲೆ ಬಂದ ಕೆಸರನ್ನು ಜರಡಿ ಹಿಡಿದು ಹುಳ ಎಣಿಸುವ ಕೆಲಸ ಮಾಡಿದವನು. ಹಾಗಾಗಿ ಇವತ್ತು ಸಾಹಸದ ಕತೆ ಕಡಿಮೆ, ಎಣಿಕೆಯ ಕತೆ ಜಾಸ್ತಿ.

ಬಲೆ ಹೇಳದ್ದು

ಆಳದಲ್ಲಿ ಏನಿದೆ ಅಂತ ತಿಳಿಯಲು ಮೊದಲು ಇದ್ದ ದಾರಿ ಒಂದೇ. ಹಗ್ಗ ಕಟ್ಟಿ ಬಲೆ ಇಳಿಸು, ಎಳೆ, ಬಂದದ್ದನ್ನು ನೋಡು. 1872ರಿಂದ 1876ರವರೆಗೆ ಬ್ರಿಟನ್ನಿನ ಚಾಲೆಂಜರ್ ಹಡಗು ಹೀಗೆಯೇ ಭೂಮಿ ಸುತ್ತಿತು. ದೊಡ್ಡ ಕೆಲಸ, ಸಾವಿರಾರು ಹೊಸ ಜೀವಿಗಳು ಸಿಕ್ಕವು. ಆದರೆ ಬಲೆಗೆ ಗಟ್ಟಿ ಮೈಯವರು ಮಾತ್ರ ಸರಿಯಾಗಿ ಸಿಗುತ್ತಾರೆ. ಅಂಬಲಿ ಮೀನು, ಸೈಫನೋಫೋರ್‌ನಂಥ ಮೆತ್ತನೆ ಮೈಯ ಜೀವಿಗಳು ಬಲೆಯಲ್ಲಿ ಹರಿದು ಲೋಳೆಯಾಗಿ ಬರುತ್ತವೆ. ಆ ಲೋಳೆಯನ್ನು ತೊಳೆದು ಚೆಲ್ಲುತ್ತಿದ್ದರು. 1985ರಲ್ಲಿ ಬ್ರೂಸ್ ರಾಬಿಸನ್ ಎಂಬ ಜೀವವಿಜ್ಞಾನಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಡೀಪ್ ರೋವರ್ ಎಂಬ ಒಬ್ಬರೇ ಕೂರುವ ಸಬ್‌ಮರ್ಸಿಬಲ್‌ನಲ್ಲಿ, ಅಂದರೆ ಆಳಕ್ಕೆ ಮುಳುಗುವ ಪುಟ್ಟ ವಾಹನದಲ್ಲಿ, ಇಳಿದರು. ಮಧ್ಯದ ನೀರಿನ ತುಂಬಾ ಅವೇ ಇದ್ದವು. ಚೆಲ್ಲುತ್ತಿದ್ದ ಲೋಳೆಯೇ ಅಲ್ಲಿನ ಮುಖ್ಯ ಜನಸಂಖ್ಯೆ!

ಇನ್ನು 1977. ಗ್ಯಾಲಪಗೋಸ್ ದ್ವೀಪಗಳ ಹತ್ತಿರ ಸುಮಾರು 2,500 ಮೀಟರ್ ಆಳ. ಅಮೆರಿಕದ ಆಲ್ವಿನ್ ಎಂಬ ಸಬ್‌ಮರ್ಸಿಬಲ್‌ನಲ್ಲಿ ಇಳಿದವರು ಭೂವಿಜ್ಞಾನಿಗಳು. ತಳದ ಬಿರುಕಿನಿಂದ ಬಿಸಿನೀರು ಉಕ್ಕುತ್ತದೆಯಾ ಅಂತ ನೋಡಲು ಹೋಗಿದ್ದರು. ಬಿಸಿನೀರು ಸಿಕ್ಕಿತು. ಅದರ ಸುತ್ತ ದೊಡ್ಡ ದೊಡ್ಡ ಕಪ್ಪೆಚಿಪ್ಪು, ಏಡಿ, ಮತ್ತು ಮನುಷ್ಯನಷ್ಟು ಉದ್ದದ ಬಿಳಿ ಕೊಳವೆಯಲ್ಲಿ ಕೆಂಪು ತಲೆಯ ಹುಳುಗಳು. ಹಡಗಿನಲ್ಲಿ ಒಬ್ಬರೂ ಜೀವವಿಜ್ಞಾನಿ ಇರಲಿಲ್ಲ. ಪ್ರಾಣಿಗಳನ್ನು ಕೆಡದಂತೆ ಇಡಲು ಸಾಕಷ್ಟು ರಾಸಾಯನಿಕವೂ ಇರಲಿಲ್ಲ. ಕೆಲವನ್ನು ರಷ್ಯನ್ ವೋಡ್ಕಾದಲ್ಲಿ ಮುಳುಗಿಸಿ ತಂದರು. (ಹಿಂದಿನ ಸಾಲಿನವರು ನಕ್ಕಿದ್ದು ಸಾಕು.)

ಆ ಹುಳುವಿಗೆ ಬಾಯಿಲ್ಲ, ಕರುಳಿಲ್ಲ. ಹೊಟ್ಟೆ ಹೇಗೆ ತುಂಬುತ್ತದೆ? ಮೈಯೊಳಗೆ ಬ್ಯಾಕ್ಟೀರಿಯಾ ಸಾಕಿಕೊಂಡಿದೆ. ಭೂಮಿಯೊಳಗಿಂದ ಬರುವ ಹೈಡ್ರೋಜನ್ ಸಲ್ಫೈಡ್‌ನಿಂದ ಶಕ್ತಿ ತೆಗೆದು ಆ ಬ್ಯಾಕ್ಟೀರಿಯಾ ಆಹಾರ ತಯಾರಿಸುತ್ತವೆ. ಸೂರ್ಯನ ಬೆಳಕಿಲ್ಲದೆ ಅಡುಗೆ. ನಾವು ಶಾಲೆಯಲ್ಲಿ ಕಲಿತ ಆಹಾರ ಸರಪಳಿಯ ಮೊದಲ ಕೊಂಡಿ ಹಸಿರು ಗಿಡ, ಅಲ್ವಾ? ಅಲ್ಲಿ ಆ ಪಾಠ ನಡೆಯುವುದಿಲ್ಲ. ಬೇರೆ ಏನನ್ನೋ ಹುಡುಕಲು ಹೋದವರು ಕಿಟಕಿಯಾಚೆ ನೋಡಿದ್ದರಿಂದ ಇದು ಸಿಕ್ಕಿತು.

ಕಣ್ಣಿನ ಮಾತನ್ನೂ ಪೂರ್ತಿ ನಂಬಬಾರದು

ಇಷ್ಟು ಹೇಳಿ ನಿಲ್ಲಿಸಿದರೆ ಅದು ಜಾಹೀರಾತು ಆಗುತ್ತದೆ. ಹಾಗಾಗಿ ಇನ್ನೊಂದು ಮಗ್ಗುಲು.

1934ರಲ್ಲಿ ವಿಲಿಯಂ ಬೀಬ್ ಮತ್ತು ಓಟಿಸ್ ಬಾರ್ಟನ್ ಬರ್ಮುಡಾ ಹತ್ತಿರ ಉಕ್ಕಿನ ಗೋಳದಲ್ಲಿ ಕೂತು 923 ಮೀಟರ್ ಇಳಿದರು. ಬೀಬ್ ಕಿಟಕಿಯಲ್ಲಿ ಕಂಡದ್ದನ್ನೆಲ್ಲ ಫೋನಿನಲ್ಲಿ ಹೇಳುತ್ತಿದ್ದರು, ಮೇಲೆ ಹಡಗಿನಲ್ಲಿ ಗ್ಲೋರಿಯಾ ಹಾಲಿಸ್ಟರ್ ಬರೆದುಕೊಳ್ಳುತ್ತಿದ್ದರು. ಕ್ಷಣಮಾತ್ರ ಕಂಡ ಕೆಲವು ಮೀನುಗಳಿಗೆ ಬೀಬ್ ಹೆಸರನ್ನೂ ಇಟ್ಟರು. ಅವುಗಳಲ್ಲಿ ಕೆಲವು ಆಮೇಲೆ ಯಾರಿಗೂ ಕಂಡಿಲ್ಲ.

1960ರ ಜನವರಿ 23ರಂದು ಜಾಕ್ ಪಿಕಾರ್ ಮತ್ತು ಡಾನ್ ವಾಲ್ಶ್ ಟ್ರಿಯೆಸ್ಟ್ ಎಂಬ ವಾಹನದಲ್ಲಿ ಮರಿಯಾನಾ ಕಂದಕದ ತಳ ಮುಟ್ಟಿದರು. ಹತ್ತಿರ ಹತ್ತಿರ 11 ಕಿಲೋಮೀಟರ್ ಆಳ. ಅಲ್ಲಿ ಚಪ್ಪಟೆ ಮೀನು ಕಂಡೆ ಅಂದರು ಪಿಕಾರ್. ಕೆಸರು ಎದ್ದು ಫೋಟೋ ಸಿಗಲಿಲ್ಲ. ಇವತ್ತು ಹೆಚ್ಚಿನ ವಿಜ್ಞಾನಿಗಳು ಅದನ್ನು ಒಪ್ಪುವುದಿಲ್ಲ. ಮೀನಿನ ದೇಹ ಸುಮಾರು 8,200 ಮೀಟರಿಗಿಂತ ಕೆಳಗಿನ ಒತ್ತಡ ತಾಳುವುದು ಕಷ್ಟ ಅಂತ ಲೆಕ್ಕ ಹೇಳುತ್ತದೆ. 2022ರಲ್ಲಿ ಜಪಾನ್ ಹತ್ತಿರ 8,336 ಮೀಟರಿನಲ್ಲಿ ಕ್ಯಾಮೆರಾಗೆ ಸಿಕ್ಕ ಮೀನೇ ಈವರೆಗಿನ ದಾಖಲೆ. ಪಿಕಾರ್ ಕಂಡದ್ದು ಮೀನಲ್ಲ, ಬಹುಶಃ ಸಮುದ್ರ ಸೌತೆಯಂಥ ಬೇರೆ ಜೀವಿ ಇರಬೇಕು.

ನೋಡುವುದು ಬೇರೆ, ಸರ್ವೆ ಬೇರೆ. ಸರ್ವೆ ಅಂದರೆ ಇನ್ನೊಬ್ಬರು ಹೋಗಿ ತಾಳೆ ನೋಡುವ ಹಾಗೆ ನೋಡುವುದು.

ಡಬ್ಬಿಯೊಳಗೆ

ಯಂತ್ರದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನೀರಿನಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. 6,000 ಮೀಟರಿನಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು 600 ಕಿಲೋ. ನಿಮ್ಮ ಉಗುರಿನಷ್ಟು ಜಾಗದ ಮೇಲೆ ಒಂದು ದಪ್ಪ ಎಮ್ಮೆ ನಿಂತ ಹಾಗೆ. ಇದನ್ನು ಚೆನ್ನಾಗಿ ತಡೆಯುವ ಆಕಾರ ಗೋಳ, ಯಾಕೆಂದರೆ ಒತ್ತಡ ಎಲ್ಲ ಕಡೆ ಸಮ ಹಂಚಿಹೋಗುತ್ತದೆ. ನಮ್ಮ ದೇಶ ಕಟ್ಟುತ್ತಿರುವ ಸಬ್‌ಮರ್ಸಿಬಲ್ ಮತ್ಸ್ಯ 6000ರ ಗೋಳ 2.1 ಮೀಟರ್ ವ್ಯಾಸದ್ದು, 80 ಮಿಲಿಮೀಟರ್ ದಪ್ಪದ ಟೈಟಾನಿಯಂ ಮಿಶ್ರಲೋಹ. ಅಷ್ಟರೊಳಗೆ ಮೂರು ಜನ. ಗೋಳದ ಮೇಲೆ ಬೀಳುವ ಒಟ್ಟು ಭಾರ 80 ಸಾವಿರ ಟನ್ ದಾಟುತ್ತದೆ.

ಇಳಿಯಲು ಎಂಜಿನ್ ಬೇಕಿಲ್ಲ. ತೂಕ ಕಟ್ಟಿಕೊಂಡರೆ ತಾನೇ ಇಳಿಯುತ್ತದೆ, ತೂಕ ಬಿಟ್ಟರೆ ತಾನೇ ಏರುತ್ತದೆ. ಏರಿಸಲು ಗೋಳದ ಸುತ್ತ ವಿಶೇಷ ಫೋಮ್ ಇರುತ್ತದೆ. ಸಣ್ಣ ಸಣ್ಣ ಟೊಳ್ಳು ಗಾಜಿನ ಗುಂಡುಗಳನ್ನು ರಾಳದಲ್ಲಿ ಕೂಡಿಸಿ ಮಾಡಿದ್ದು, ಒತ್ತಡಕ್ಕೆ ಅಪ್ಪಚ್ಚಿಯಾಗುವುದಿಲ್ಲ. ರೇಡಿಯೋ ಅಲೆ ನೀರಿನಲ್ಲಿ ಹೋಗದು, ಹಾಗಾಗಿ ಮಾತೆಲ್ಲ ಶಬ್ದದ ಅಲೆಯಲ್ಲಿ. ಶಬ್ದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗುತ್ತದೆ. ಆರು ಕಿಲೋಮೀಟರ್ ಕೆಳಗಿನಿಂದ "ಹಲೋ" ಅಂದರೆ ಮೇಲೆ ಕೇಳಲು ನಾಲ್ಕು ಸೆಕೆಂಡ್, ಉತ್ತರ ಬರಲು ಇನ್ನು ನಾಲ್ಕು.

2023ರ ಜೂನ್‌ನಲ್ಲಿ ಟೈಟಾನಿಕ್ ಅವಶೇಷ ನೋಡಲು ಹೋದ ಟೈಟನ್ ಒಡೆದು ಐವರು ಸತ್ತರಲ್ಲ, ಅದರ ಕೊಳವೆ ಆಕಾರದ ಮೈ ಕಾರ್ಬನ್ ಫೈಬರಿನದು, ಸ್ವತಂತ್ರ ಸಂಸ್ಥೆಯ ಸರ್ಟಿಫಿಕೇಟ್ ಕೂಡ ಇರಲಿಲ್ಲ. ಆ ಒಂದು ಘಟನೆಯಿಂದ ಎಲ್ಲ ಸಬ್‌ಮರ್ಸಿಬಲ್‌ಗಳನ್ನು ಅಳೆಯಬೇಡಿ. ಆಲ್ವಿನ್ 1964ರಿಂದ ಇಳಿಯುತ್ತಿದೆ. 1968ರಲ್ಲಿ ಕೇಬಲ್ ಹರಿದು ಖಾಲಿ ಆಲ್ವಿನ್ ಮುಳುಗಿತ್ತು, ಒಳಗಿದ್ದವರು ಹೊರಗೆ ಬಂದು ಉಳಿದರು. ಮರುವರ್ಷ ಸುಮಾರು 1,500 ಮೀಟರ್ ಆಳದಿಂದ ಅದನ್ನು ಎತ್ತಿದಾಗ ಒಳಗೆ ಬಿಟ್ಟಿದ್ದ ಸ್ಯಾಂಡ್‌ವಿಚ್‌ಗಳು ನೆನೆದಿದ್ದವು, ಕೊಳೆತಿರಲಿಲ್ಲ. ಆಳದಲ್ಲಿ ಕೊಳೆಯುವುದು ಎಷ್ಟು ನಿಧಾನ ಅಂತ ಆ ಊಟದ ಡಬ್ಬಿಯಿಂದಲೇ ಸಂಶೋಧನೆ ಶುರುವಾಯಿತು.

ಸರ್ವೆ ನಡೆಯುವ ಬಗೆ

ಈಗ ನನ್ನ ಇಷ್ಟದ ಭಾಗಕ್ಕೆ ಬರುತ್ತೇನೆ. ಜಪಾನಿನ ಶಿಂಕಾಯ್ 6500 ಎಂಬ ಸಬ್‌ಮರ್ಸಿಬಲ್‌ನ ಉದಾಹರಣೆ ತಗೊಳ್ಳೋಣ. ಒಂದು ಮುಳುಗು ಎಂಟು ಗಂಟೆ. ಪೂರ್ತಿ ಆಳಕ್ಕೆ ಇಳಿಯಲು ಎರಡೂವರೆ ಗಂಟೆ, ಏರಲು ಎರಡೂವರೆ ಗಂಟೆ. ತಳದಲ್ಲಿ ಉಳಿಯುವುದು ಮೂರೇ ಗಂಟೆ. ಅದರಲ್ಲಿ ಒಂದು ನಿಮಿಷವನ್ನೂ ಸುಮ್ನೆ ಕಳೆಯುವ ಹಾಗಿಲ್ಲ.

ತಳಕ್ಕೆ ಒಂದೆರಡು ಮೀಟರ್ ಮೇಲೆ ವಾಹನವನ್ನು ನಿಲ್ಲಿಸುತ್ತಾರೆ. ತಳ ಮುಟ್ಟಿದರೆ ಕೆಸರು ಎದ್ದು ಏನೂ ಕಾಣುವುದಿಲ್ಲ. ಆಮೇಲೆ ಮೊದಲೇ ಗುರುತಿಸಿದ ಗೆರೆಯ ಮೇಲೆ ನಡಿಗೆಗಿಂತ ನಿಧಾನವಾಗಿ ಹೋಗುತ್ತಾರೆ. ಈ ಗೆರೆಗೆ ಟ್ರಾನ್ಸೆಕ್ಟ್ ಅನ್ನುತ್ತಾರೆ. ಕ್ಯಾಮೆರಾದ ಪಕ್ಕದಲ್ಲಿ ಎರಡು ಲೇಸರ್, ನಡುವೆ ಸಾಮಾನ್ಯವಾಗಿ 10 ಸೆಂಟಿಮೀಟರ್. ಎಲ್ಲ ಚಿತ್ರದಲ್ಲೂ ಆ ಎರಡು ಚುಕ್ಕೆ ಬೀಳುತ್ತವೆ. ಅವನ್ನು ಹಿಡಿದು ಹವಳ ಎಷ್ಟು ಎತ್ತರ, ಸಮುದ್ರ ಸೌತೆ ಎಷ್ಟು ಉದ್ದ, ಚಿತ್ರದಲ್ಲಿ ಎಷ್ಟು ಚದರ ಮೀಟರ್ ಬಂತು ಅಂತ ಅಳೆಯಬಹುದು. ಚುಕ್ಕೆ ಇಲ್ಲದಿದ್ದರೆ ಅದು ಚಂದದ ವಿಡಿಯೋ ಅಷ್ಟೇ, ಲೆಕ್ಕಕ್ಕೆ ಬಾರದು.

ಕಿಟಕಿಯಲ್ಲಿ ಕೂತವರು ಬಾಯಲ್ಲಿ ಹೇಳುತ್ತಾ ಹೋಗುತ್ತಾರೆ. ಹೊತ್ತು, ಆಳ, ದಿಕ್ಕು, ಕಲ್ಲೋ ಕೆಸರೋ, ಕಂಡದ್ದು ಏನು, ಅದು ಏನು ಮಾಡುತ್ತಿತ್ತು. ಏನೂ ಕಾಣದಿದ್ದರೆ "ಏನೂ ಇಲ್ಲ" ಅಂತಲೂ ಹೇಳಬೇಕು. ಹೊಸಬರು ಇದನ್ನೇ ಮರೆಯುತ್ತಾರೆ. ಖಾಲಿ ಕೆಸರಿನ ದಾಖಲೆ ಇಲ್ಲದಿದ್ದರೆ ತುಂಬಿದ ಜಾಗದ ಅರ್ಥ ಗೊತ್ತಾಗುವುದಿಲ್ಲ.

ಮಾದರಿ ಬೇಕೆನಿಸಿದರೆ ಯಂತ್ರದ ತೋಳು. ಗಟ್ಟಿ ಜೀವಿಯನ್ನು ಹಿಡಿದು ಮುಚ್ಚಳದ ಪೆಟ್ಟಿಗೆಗೆ ಹಾಕುತ್ತದೆ. ತಳದ ನೀರು 2-3 ಡಿಗ್ರಿ ಇರುತ್ತದೆ, ಮೇಲಿನ ಬಿಸಿನೀರು ಸೇರದಂತೆ ಪೆಟ್ಟಿಗೆ ಭದ್ರವಾಗಿರಬೇಕು. ಮೆತ್ತನೆಯದನ್ನು ಕೊಳವೆಯಿಂದ ಹೀರಿಕೊಳ್ಳುತ್ತಾರೆ. ಕೆಸರಿಗೆ ಪುಶ್ ಕೋರ್ ಎಂಬ ಪಾರದರ್ಶಕ ಕೊಳವೆ. ತೋಳು ಅದನ್ನು ನೆಟ್ಟಗೆ, ನಿಧಾನವಾಗಿ ಒತ್ತಿ, ಪದರ ಕದಡದಂತೆ ಎತ್ತಬೇಕು. ಒಳ್ಳೆಯ ಪೈಲಟ್ ಯಾರು ಅಂತ ಇಲ್ಲಿ ಗೊತ್ತಾಗುತ್ತದೆ. ಕೊಳವೆಯ ಮೇಲಿನ ನೀರು ತಿಳಿಯಾಗಿ ಬಂದರೆ ನಮಗೆ ಹಬ್ಬ. ಮೇಲಿನ ಕೆಲವೇ ಸೆಂಟಿಮೀಟರ್ ಕೆಸರಿನಲ್ಲೇ ಹೆಚ್ಚಿನ ಜೀವ ಇರುವುದು. ಅದನ್ನು ಪದರ ಪದರವಾಗಿ ಕತ್ತರಿಸಿ, 0.3 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಆರಿಸಬೇಕು. ಇನ್ನೂ ಸಣ್ಣ ಹುಳುಗಳಿಗೆ ಇನ್ನೂ ಸಣ್ಣ ಜರಡಿ.

ಈ ಲೆಕ್ಕದಲ್ಲೂ ತೊಡಕಿದೆ. ಕತ್ತಲಲ್ಲೇ ಬದುಕಿದವರ ಮುಂದೆ ದೊಡ್ಡ ಲೈಟು ಹಾಕಿ, ಮೋಟಾರಿನ ಸದ್ದು ಮಾಡುತ್ತಾ ಹೋದರೆ ಕೆಲವು ಓಡುತ್ತವೆ, ಕೆಲವು ಹತ್ತಿರ ಬರುತ್ತವೆ. ಎಣಿಕೆ ಎರಡೂ ಕಡೆ ತಪ್ಪಬಹುದು. ಆಳದ ಹೆಚ್ಚಿನ ಜೀವಿಗಳಿಗೆ ಕೆಂಪು ಬೆಳಕು ಕಾಣದು, ಹಾಗಾಗಿ ಈಡಿತ್ ವಿಡ್ಡರ್ ಎಂಬ ವಿಜ್ಞಾನಿ ಕೆಂಪು ಬೆಳಕಿನ ಕ್ಯಾಮೆರಾ ಇಳಿಸಿದರು. 2012ರಲ್ಲಿ ಜಪಾನಿನ ಒಗಸವಾರಾ ದ್ವೀಪಗಳ ಬಳಿ ದೈತ್ಯ ಸ್ಕ್ವಿಡ್ ತನ್ನ ಆಳದಲ್ಲೇ ಕ್ಯಾಮೆರಾಗೆ ಸಿಕ್ಕಿದ್ದು ಈ ಉಪಾಯದಿಂದ.

ತೋಳಿನಿಂದ ಮುರಿದು ತರುವಾಗಲೂ ಕೈ ಹಿಡಿತ ಬೇಕು. ಹವಾಯಿ ಹತ್ತಿರ ಸಬ್‌ಮರ್ಸಿಬಲ್‌ನಲ್ಲಿ ಇಳಿದು ತಂದ ಒಂದು ಕಪ್ಪು ಹವಳದ ವಯಸ್ಸು ಸುಮಾರು 4,265 ವರ್ಷ ಅಂತ ಲೆಕ್ಕ ಸಿಕ್ಕಿತು. ಅಂಥದ್ದನ್ನು ನೋಡಿದ ಮೇಲೆ ಒಂದು ಸಣ್ಣ ತುಂಡು ಸಾಕು ಅನ್ನಿಸುತ್ತದೆ.

ಅಗೆಯುವ ಮೊದಲು

ಹಿಂದೂ ಮಹಾಸಾಗರದ ಮಧ್ಯದಲ್ಲಿ ಸುಮಾರು 75,000 ಚದರ ಕಿಲೋಮೀಟರ್ ಜಾಗದಲ್ಲಿ ಲೋಹದ ಗಂಟುಗಳನ್ನು ಹುಡುಕುವ ಹಕ್ಕು ಭಾರತಕ್ಕಿದೆ. ಮ್ಯಾಂಗನೀಸ್, ನಿಕಲ್, ಕೋಬಾಲ್ಟ್, ತಾಮ್ರ ಇರುವ, ಆಲೂಗಡ್ಡೆ ಗಾತ್ರದ ಕಪ್ಪು ಗಂಟುಗಳು. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ. 2016ರಲ್ಲಿ ಇನ್ನೂ 10,000 ಚದರ ಕಿಲೋಮೀಟರ್ ಸಿಕ್ಕಿತು, ಅದು ಬಿಸಿ ಬುಗ್ಗೆಗಳ ಸುತ್ತ ಕೂತ ಸಲ್ಫೈಡ್ ಅದಿರಿಗೆ. ಅದರಲ್ಲಿ ಸತುವೂ ಇದೆ, ತಾಮ್ರವೂ ಇದೆ. ಬೀದರಿನಿಂದ ಬಂದವರು ಇಲ್ಲಿದ್ದೀರಿ, ಬಿದ್ರಿ ಕಲೆಯ ಮೂಲ ಲೋಹಗಳೂ ಅವೇ ಎರಡು.

ಇಂಥ ಬುಗ್ಗೆಗಳ ಹತ್ತಿರ ಒಂದು ಬಸವನಹುಳು ಇದೆ. ಕಾಲಿನ ಸುತ್ತ ಹುರುಪೆ, ಹುರುಪೆಯ ಮೇಲೆ ಕಬ್ಬಿಣದ ಸಲ್ಫೈಡ್. ಕಬ್ಬಿಣದ ಕವಚ ತೊಟ್ಟ ಪ್ರಾಣಿ! ಹಿಂದೂ ಮಹಾಸಾಗರ ಬಿಟ್ಟು ಬೇರೆಲ್ಲೂ ಸಿಕ್ಕಿಲ್ಲ. 2001ರಲ್ಲಿ ಮೊದಲು ಸಿಕ್ಕಿತು. 2009ರಲ್ಲಿ ಶಿಂಕಾಯ್ 6500ರಲ್ಲಿ ಇಳಿದವರಿಗೆ ಇನ್ನೊಂದು ಬುಗ್ಗೆಯಲ್ಲಿ ಅದೇ ಹುಳು ಬಿಳಿ ಬಣ್ಣದಲ್ಲಿ ಸಿಕ್ಕಿತು, ಹುರುಪೆ ಇತ್ತು, ಕಬ್ಬಿಣ ಇರಲಿಲ್ಲ. ಅಂದರೆ ಒಂದು ಬುಗ್ಗೆ ನೋಡಿದರೆ ಎಲ್ಲ ಬುಗ್ಗೆ ನೋಡಿದ ಹಾಗೆ ಅಲ್ಲ. 2019ರಲ್ಲಿ ಈ ಹುಳುವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಆಳ ಸಮುದ್ರದ ಗಣಿಗಾರಿಕೆಯ ಭಯಕ್ಕೆ ಆ ಪಟ್ಟಿ ಸೇರಿದ ಮೊದಲ ಜೀವಿ ಅದು.

ಅಗೆದರೆ ಏನಾಗುತ್ತದೆ ಅಂತಲೂ ಸ್ವಲ್ಪ ಗೊತ್ತಿದೆ. 1978ರಲ್ಲಿ ಪೆಸಿಫಿಕ್‌ನ ತಳದಲ್ಲಿ ಗಂಟು ಬಾಚುವ ಪರೀಕ್ಷೆ ಮಾಡಿದ್ದರು. 26 ವರ್ಷದ ನಂತರ, 2004ರಲ್ಲಿ, ಫ್ರಾನ್ಸಿನ ನಾಟೀಲ್ ಸಬ್‌ಮರ್ಸಿಬಲ್‌ನಲ್ಲಿ ಅಲ್ಲಿಗೇ ಇಳಿದರು. ಬಾಚಿದ ಗುರುತು ಹಾಗೇ ಇತ್ತು. ಗುರುತಿನೊಳಗಿನ ಕೆಸರಿನಲ್ಲಿ ದಾರದಂಥ ನೆಮಟೋಡ್ ಹುಳುಗಳ ಸಂಖ್ಯೆಯೂ ಬಗೆಯೂ ಪಕ್ಕದ ಕೆಸರಿಗಿಂತ ಕಡಿಮೆ. ಹುಳ ಎಣಿಸುವ ನನ್ನಂಥವರಿಗೆ ಆ ಫಲಿತಾಂಶ ಮರೆಯೋ ಹಾಗಿಲ್ಲ.

ಅದೇ ನಾಟೀಲ್‌ನಲ್ಲಿ 2025ರ ಆಗಸ್ಟ್‌ನಲ್ಲಿ ಇಬ್ಬರು ಭಾರತೀಯರು ಅಟ್ಲಾಂಟಿಕ್‌ನಲ್ಲಿ ಇಳಿದರು. ರಾಜು ರಮೇಶ್ 4,025 ಮೀಟರ್, ಜತಿಂದರ್ ಪಾಲ್ ಸಿಂಗ್ 5,002 ಮೀಟರ್. ಇದು ಮನುಷ್ಯರನ್ನು ಆಳ ಸಮುದ್ರಕ್ಕೆ ಇಳಿಸುವ ನಮ್ಮ ಸಮುದ್ರಯಾನ ಯೋಜನೆಯ ತಯಾರಿ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮತ್ಸ್ಯ 6000 ಕಟ್ಟುತ್ತಿದೆ. 2025ರ ಆರಂಭದಲ್ಲಿ ಕಾಟ್ಟುಪಳ್ಳಿ ಬಂದರಿನಲ್ಲಿ ಅದನ್ನು ನೀರಿಗಿಳಿಸಿ ಪರೀಕ್ಷೆ ಮಾಡಿದರು. ಮೊದಲು 500 ಮೀಟರ್, ಆಮೇಲೆ 6,000 ಅಂತ ಯೋಜನೆ. ಸಾಮಾನ್ಯ ಮುಳುಗು 12 ಗಂಟೆ, ತುರ್ತು ಬಂದರೆ 96 ಗಂಟೆ ಉಸಿರಾಡುವ ವ್ಯವಸ್ಥೆ.

ಪತ್ರಿಕೆಗಳಲ್ಲಿ ಇದರ ಬಗ್ಗೆ ಬರುವುದು ಎರಡೇ ಮಾತು: ದೇಶದ ಹೆಮ್ಮೆ ಮತ್ತು ಖನಿಜ. ಹೆಮ್ಮೆ ಇರಲಿ. ಆದರೆ ನನ್ನ ಪ್ರಕಾರ ಮತ್ಸ್ಯದ ಮೊದಲ ಹತ್ತು ವರ್ಷದ ಕೆಲಸ ಗಂಟು ನೋಡುವುದಲ್ಲ, ಗಂಟಿನ ಮೇಲೆ ಯಾರು ಕೂತಿದ್ದಾರೆ ಅಂತ ಎಣಿಸುವುದು. ಅಗೆದ ಮೇಲೆ ಎಣಿಸಲು ಏನೂ ಉಳಿಯದು.

ಪ್ರಶ್ನೆಗಳು

ರೋಬೋಟ್ ಇರುವಾಗ ಮನುಷ್ಯ ಯಾಕೆ ಹೋಗಬೇಕು ಅಂತ ಒಬ್ಬ ವಿದ್ಯಾರ್ಥಿ ಕೇಳಿದ. ನ್ಯಾಯವಾದ ಪ್ರಶ್ನೆ. ರೋಬೋಟ್ ದಿನಗಟ್ಟಲೆ ಕೆಳಗಿರಬಲ್ಲದು, ಜೀವಭಯ ಇಲ್ಲ, ಅದರ ವಿಡಿಯೋವನ್ನು ನೂರು ಜನ ಒಟ್ಟಿಗೆ ನೋಡಬಹುದು. ಆ ಕಬ್ಬಿಣದ ಬಸವನಹುಳು 2001ರಲ್ಲಿ ಸಿಕ್ಕಿದ್ದೂ ರೋಬೋಟಿಗೇ. ನನ್ನ ಕೈಗೆ ದುಡ್ಡು ಕೊಟ್ಟರೆ ಹತ್ತರಲ್ಲಿ ಒಂಬತ್ತು ಮುಳುಗು ರೋಬೋಟಿಗೆ ಕೊಡುತ್ತೇನೆ. ಉಳಿದ ಒಂದು ಮನುಷ್ಯನಿಗೆ. ಕ್ಯಾಮೆರಾ ತಾನು ತಿರುಗಿದ ಕಡೆ ಮಾತ್ರ ನೋಡುತ್ತದೆ. ಕಿಟಕಿಯಲ್ಲಿ ಕೂತವನು ಓರೆಗಣ್ಣಲ್ಲಿ ಕಂಡದ್ದಕ್ಕೂ ತಿರುಗುತ್ತಾನೆ, ದೂರ ಹತ್ತಿರ ಅಂದಾಜಿಸುತ್ತಾನೆ, "ಅಲ್ಲಿಗೆ ಹೋಗೋಣ" ಅನ್ನುತ್ತಾನೆ. ಹೊಸ ಜಾಗಕ್ಕೆ ಅದು ಬೇಕು.

"ಸರ್, ಒಳಗ ಸಂಡಾಸ್ ಹ್ಯಾಂಗ?" ಅಂತ ಹಿಂದಿನಿಂದ ಬಂತು. ಸಂಡಾಸ್ ಇಲ್ಲ. ಬಾಟಲಿ ಇರುತ್ತದೆ. ಹಿಂದಿನ ರಾತ್ರಿಯಿಂದಲೇ ಊಟ, ನೀರು ಹಿಡಿತದಲ್ಲಿಡುತ್ತಾರೆ.

ಮೇಲೆ ಬಂದ ತಕ್ಷಣ ಹೊರಗೆ ಬಂದರೆ ಮೈಗೆ ತೊಂದರೆ ಆಗುವುದಿಲ್ಲವೇ ಅಂತ ಇನ್ನೊಬ್ಬರು ಕೇಳಿದರು. ಆಗುವುದಿಲ್ಲ. ಆರು ಕಿಲೋಮೀಟರ್ ಕೆಳಗಿದ್ದರೂ ಗೋಳದೊಳಗೆ ಇರುವುದು ಈ ಸಭಾಂಗಣದಲ್ಲಿರುವಷ್ಟೇ ಒತ್ತಡ. ಆಮ್ಲಜನಕ ಸ್ವಲ್ಪ ಸ್ವಲ್ಪ ಬಿಡುತ್ತಾರೆ, ಇಂಗಾಲದ ಡೈಆಕ್ಸೈಡನ್ನು ರಾಸಾಯನಿಕದಿಂದ ಹೀರಿಸುತ್ತಾರೆ. ಚಳಿ ಮಾತ್ರ ಹಿಡಿಯುತ್ತದೆ, ಸ್ವೆಟರ್ ಬೇಕು.

ಕೊನೆಗೆ ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ಎದ್ದು, ನನಗೆ ಈಜು ಬರುವುದಿಲ್ಲ, ಸಮುದ್ರವನ್ನೂ ನೋಡಿಲ್ಲ, ಈ ಕೆಲಸಕ್ಕೆ ಹೋಗಬಹುದಾ ಅಂದಳು. ಧಾರಾಳವಾಗಿ. ಕೆಳಗೆ ಇಳಿಯುವವರು ಮೂರು ಜನ. ಅವರು ತಂದ ಒಂದೊಂದು ಕೆಸರಿನ ಕೊಳವೆಗೂ ಮೇಲೆ ತಿಂಗಳುಗಟ್ಟಲೆ ಕೆಲಸ ಇರುತ್ತದೆ, ಮಾಡುವವರೇ ಕಡಿಮೆ. ಕಾರವಾರದಲ್ಲಿ ಸಾಗರ ಜೀವಶಾಸ್ತ್ರ ಓದಬಹುದು, ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜಿದೆ. ಗೋವಾ, ಕೊಚ್ಚಿ, ಚೆನ್ನೈನಲ್ಲಿ ಸಂಶೋಧನಾ ಸಂಸ್ಥೆಗಳಿವೆ. ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಬೇಸರವಿಲ್ಲದೆ ಮೂರು ಗಂಟೆ ಕೂರಬಲ್ಲೆಯಾ ಅಂತ ಕೇಳಿದೆ. ಕೂರುತ್ತೇನೆ ಅಂದಳು. ಹಾಗಿದ್ದರೆ ಈಗಿನಿಂದಲೇ ನೆಮಟೋಡ್ ಹುಳುಗಳ ಬಾಲ ಮತ್ತು ಬಾಯಿಯ ಚಿತ್ರ ಬರೆಯೋದು ಕಲಿ ಅಂದೆ. ಅವುಗಳನ್ನು ಗುರುತಿಸುವುದು ಅಲ್ಲಿಂದಲೇ ಶುರು.